ರಾಗಿಯ ನಾರು, ಗೋಧಿಯ ನಾರು

ದೆಹಲಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ, ವಿಶೇಷವಾಗಿ ಹಳೆಯ ಮೈಸೂರು ಸೀಮೆಯವರಲ್ಲಿ, ಒಂದು ಕೊರಗು ಆಗಾಗ ಕೇಳಿಬರುತ್ತದೆ: ಊರಿನ ರಾಗಿಮುದ್ದೆ ತಪ್ಪಿದಂದಿನಿಂದ ಮಲಬದ್ಧತೆ ಬಿಟ್ಟಿಲ್ಲ. ರಾಗಿಯಲ್ಲಿರುವ ನಾರಿನಂಶ ಗೋಧಿಯಲ್ಲಿಲ್ಲವೆಂಬುದು ಈ ಕೊರಗಿನ ಹಿಂದಿರುವ ನಂಬಿಕೆ.

ನಂಬಿಕೆ ನಿರಾಧಾರವಾದುದೇನೂ ಅಲ್ಲ. ಹಿಂದಿನ ಆಹಾರ ಕೋಷ್ಟಕಗಳು 100 ಗ್ರಾಂ ರಾಗಿಯಲ್ಲಿ 3.6 ಗ್ರಾಂ, ಗೋಧಿಯಲ್ಲಿ 1.2 ಗ್ರಾಂ ನಾರನ್ನು ತೋರಿಸುತ್ತಿದ್ದವು. ಆದರೆ ಧಾನ್ಯವನ್ನು ಆಮ್ಲ, ಕ್ಷಾರಗಳಲ್ಲಿ ಕುದಿಸಿ ಉಳಿದುದನ್ನಷ್ಟೇ ತೂಗುವ ಆ ಕ್ರಮದಲ್ಲಿ ನಾರಿನ ಬಹುಭಾಗ ಕರಗಿ ಲೆಕ್ಕ ತಪ್ಪುತ್ತಿತ್ತು. ಕರುಳು ಅರಗಿಸಲಾರದ ನಾರಿನ ಭಾಗಗಳನ್ನೆಲ್ಲ ಎಣಿಸಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ ಚಿತ್ರವೇ ಬೇರೆ: ರಾಗಿ 11.2 ಗ್ರಾಂ, ಇಡೀ ಗೋಧಿಯ ಹಿಟ್ಟು 11.4, ಸಜ್ಜೆ 11.5, ಜೋಳ 10.2. ಹಿಂದೆ ಬೀಳುವುದು ಪಾಲಿಷ್ ಮಾಡಿದ ಬಿಳಿ ಅಕ್ಕಿ. ಅದರಲ್ಲಿರುವುದು ಕೇವಲ 2.8 ಗ್ರಾಂ. ಮೈದಾಹಿಟ್ಟಿನದೂ ಅದೇ ಗತಿ.

ನಾರು ಹೆಚ್ಚಾಗಿರುವುದು ಕಾಳಿನ ಹೊರಪದರದಲ್ಲಿ. ರಾಗಿಯ ಕಾಳು ಬಹು ಸಣ್ಣದಾದುದರಿಂದ ಸಿಪ್ಪೆಸಹಿತ ಹಿಟ್ಟಾಗುತ್ತದೆ. ಅಕ್ಕಿಯ ತವುಡು ಗಿರಣಿಯಲ್ಲಿಯೇ ಉಳಿಯುತ್ತದೆ. ಕರಾವಳಿಯ ಕುಚ್ಚಲಕ್ಕಿಯಲ್ಲಿಯೂ ಕೆಂಪು ಪದರ ಎಷ್ಟು ಉಳಿದಿದೆಯೋ ಅಷ್ಟೇ ಲಾಭ. ಗೋಧಿಯ ವಿಷಯದಲ್ಲಿ ಮಾತ್ರ ತೀರ್ಮಾನ ಮನೆಯವರದು: ಚಕ್ಕಿಯಲ್ಲಿ ಬೀಸಿಸಿ ತಂದ ಹಿಟ್ಟಿನಲ್ಲಿ ಬೂಸಾ ಪೂರ್ತಿ ಇರುತ್ತದೆ, ಚಪಾತಿ ಮೆತ್ತಗಾಗಲೆಂದು ಸಣ್ಣ ಜರಡಿ ಹಿಡಿದರೆ ಅದು ಕಸದ ಬುಟ್ಟಿಯ ಪಾಲು.

ಮುದ್ದೆ ತಪ್ಪಿದ್ದು ನಿಜವೇ. ಆದರೆ ಹಲವು ಮನೆಗಳಲ್ಲಿ ಅದರ ಸ್ಥಾನಕ್ಕೆ ಬಂದದ್ದು ರೊಟ್ಟಿಯಲ್ಲ, ಮತ್ತೊಂದು ಸಲದ ಅನ್ನ. ದೋಷವಿರುವುದು ಇಲ್ಲಿ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 300 ಗ್ರಾಂ ಬಿಳಿ ಅಕ್ಕಿಯಿಂದ ಸಿಗುವುದು ಸುಮಾರು 8 ಗ್ರಾಂ. ಅದರಲ್ಲಿ ಅರ್ಧದಷ್ಟಕ್ಕೆ ಬದಲಾಗಿ ಜರಡಿ ಹಿಡಿಯದ ಗೋಧಿಹಿಟ್ಟನ್ನು ಬಳಸಿದರೆ 21 ಗ್ರಾಂ. ಉಳಿದುದನ್ನು ಬೇಳೆಕಾಳು, ಸೊಪ್ಪು, ತರಕಾರಿಗಳು ತುಂಬಬಲ್ಲವು. ಮಧುಮೇಹಿಗಳಿಗೂ ಈ ಬದಲಾವಣೆ ಹಿತಕರ.

ಹಾಗೆಂದು ಊರಿನಿಂದ ರಾಗಿಹಿಟ್ಟು ತರಿಸುವುದನ್ನು ನಿಲ್ಲಿಸಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದಂಶವಿದೆ. ಗೋಧಿಯಲ್ಲಿರುವುದು ಅದರ ಹತ್ತನೆಯ ಒಂದು ಪಾಲಿನಷ್ಟು. ನಾರಿಗಾಗಿಯೇ ಆದರೆ ನೆರೆಯ ಹರಿಯಾಣದಲ್ಲಿ ಬೆಳೆಯುವ ಸಜ್ಜೆ ಚಳಿಗಾಲದಲ್ಲಿ ಇಲ್ಲಿಯೇ ದೊರೆಯುತ್ತದೆ. ಉತ್ತರ ಕರ್ನಾಟಕದವರಿಗೆ ಅದರ ರೊಟ್ಟಿಯನ್ನು ಯಾರೂ ಕಲಿಸಬೇಕಾಗಿಲ್ಲ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಬರಬಹುದು. ಎರಡು ಮೂರು ವಾರಗಳಲ್ಲಿ ಕ್ರಮವಾಗಿ ಹೆಚ್ಚಿಸಿ, ದೆಹಲಿಯ ಬೇಸಿಗೆಯಲ್ಲಂತೂ ಧಾರಾಳವಾಗಿ ನೀರು ಕುಡಿಯತಕ್ಕದ್ದು.