ತಲೆಗೂದಲು ಉದುರುವ ಬಗೆಗಳು

ಕೂದಲು ಉದುರಿದ ಜಾಗದಲ್ಲಿ ರೋಮರಂಧ್ರಗಳು ಉಳಿದಿವೆಯೋ ಇಲ್ಲವೋ ಎಂಬುದನ್ನು ಚರ್ಮವೈದ್ಯರು ಮೊದಲು ನೋಡುತ್ತಾರೆ. ರಂಧ್ರ ಮುಚ್ಚಿ ಚರ್ಮ ನುಣುಪಾಗಿದ್ದರೆ ಅದು ಕಲೆಗಟ್ಟುವ ಬಗೆ. ಅಲ್ಲಿ ಕೂದಲ ಬುಡವೇ ನಾಶವಾಗಿರುತ್ತದೆ. ಉಳಿದದ್ದನ್ನು ಕಾಪಾಡಲು ಚಿಕಿತ್ಸೆ ತಡವಾಗಬಾರದು. ರಂಧ್ರ ಉಳಿದಿದ್ದರೆ ಕೂದಲು ಮರಳುವ ಭರವಸೆ ಇದೆ. ಆಗ ಮುಂದಿನ ಪ್ರಶ್ನೆ: ಉದುರಿದ್ದು ಎಲ್ಲಿ?

ಗಂಡಸರಲ್ಲಿ ಸಾಮಾನ್ಯವಾಗಿ ಹಣೆಯ ಎರಡು ಮೂಲೆಗಳು ಹಿಂದೆ ಸರಿಯುತ್ತವೆ, ನೆತ್ತಿ ಬಯಲಾಗುತ್ತದೆ, ಕೊನೆಗೆ ಎರಡೂ ಕೂಡಿಕೊಳ್ಳುತ್ತವೆ. 1951ರಲ್ಲಿ ಹ್ಯಾಮಿಲ್ಟನ್ ಮಾಡಿದ ವರ್ಗೀಕರಣವನ್ನು 1975ರಲ್ಲಿ ನಾರ್‌ವುಡ್ ತಿದ್ದಿ 7 ಹಂತಗಳಲ್ಲಿ ಇಟ್ಟರು. ಹೆಂಗಸರಲ್ಲಿ ಹಣೆಯಂಚು ಉಳಿದು ಬೈತಲೆ ಅಗಲವಾಗುತ್ತದೆ. ಇದಕ್ಕೆ ಲುಡ್ವಿಗ್ 1977ರಲ್ಲಿ ಕೊಟ್ಟದ್ದು 3 ಹಂತ.

ಅಲ್ಲಲ್ಲಿ ಗುಂಡಗೆ ಬೋಳಾಗುವುದು ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬುಡದ ಮೇಲೆ ಎರಗುವ ಕಾಯಿಲೆ. ಮರಾಠಿ ಮಾತಿನಲ್ಲಿ ಇದು ‘ಚಾಯಿ’. ಇದನ್ನು ಹಂತದಿಂದಲ್ಲ, ವಿಸ್ತಾರದಿಂದ ಅಳೆಯುತ್ತಾರೆ: ನೂರರಲ್ಲಿ ನೆತ್ತಿಗೆ 40, ಹಿಂದಲೆಗೆ 24, ಎರಡು ಪಕ್ಕಗಳಿಗೆ ತಲಾ 18.

ಹೆರಿಗೆ ಅಥವಾ ಟೈಫಾಯ್ಡ್ ಆಗಿ ಎರಡು ಮೂರು ತಿಂಗಳಿಗೆ ತಲೆಯ ತುಂಬಾ ಉದುರುವುದು ಬಹುತೇಕ ತಾನೇ ನಿಲ್ಲುತ್ತದೆ. ಬಿಗಿಯಾದ ಜಡೆ ಹಣೆಯಂಚನ್ನು ತಿನ್ನುತ್ತದೆ.

2025ರ ಆರಂಭದಲ್ಲಿ ಸುದ್ದಿಯಾದ ಬುಲಢಾಣಾ ಜಿಲ್ಲೆಯ ಶೇಗಾಂವ ತಾಲೂಕಿನ ಪ್ರಕರಣ ಈ ಹಂತಪಟ್ಟಿಗಳಿಗೆ ಸೇರುವಂಥದ್ದಲ್ಲ. ಅಲ್ಲಿ ಕೆಲವೇ ದಿನಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳ ತಲೆ ಬೋಳಾಯಿತು. ಇಂಥ ಕಡೆ ನೀರು, ರಕ್ತ, ಕೂದಲಿನ ಮಾದರಿಗಳ ಪರೀಕ್ಷೆಯೇ ಮೊದಲ ಕೆಲಸ.