ಮೆಟಲ್ ಡಿಟೆಕ್ಟರ್ ಕೂಗಿದ್ದೆಲ್ಲಾ ಬಂಗಾರ ಅಲ್ಲ!

ಆನ್‌ಲೈನ್‌ನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿಕೊಂಡವರು ಮೊದಲ ದಿನವೇ ಹೊಲದ ತುಂಬಾ ಗುಂಡಿ ತೋಡಿ ಸುಸ್ತಾಗುತ್ತಾರೆ. ಸಿಗೋದು ಮೊಳೆ, ಬಾಟಲಿ ಮುಚ್ಚಳ, ಮಾತ್ರೆ ಚೀಟಿಯ ಫಾಯಿಲ್. ಯಂತ್ರಕ್ಕೆ ಲೋಹದ ಹೆಸರು ಗೊತ್ತಿಲ್ಲ. ಕಾಯಿಲ್‌ನ ಕಾಂತಕ್ಷೇತ್ರದಿಂದ ಲೋಹದಲ್ಲಿ ಹುಟ್ಟುವ ವಿದ್ಯುತ್ತನ್ನು ಹಿಡಿದು ಸದ್ದು ಮಾಡುತ್ತೆ, ಅಷ್ಟೆ. ಸಣ್ಣ ಚಿನ್ನದುಂಗುರಕ್ಕೂ ಫಾಯಿಲ್‌ಗೂ ಬಹುತೇಕ ಒಂದೇ ನಂಬರ್. ಫಾಯಿಲ್ ಕಾಟ ಬೇಡ ಅಂತ ಸೆಟ್ಟಿಂಗ್‌ನಲ್ಲಿ ತೆಗೆದರೆ, ಕಳೆದ ಉಂಗುರವೂ ಸಿಗಲ್ಲ.

ಮೊದಲು ಹಿತ್ತಲಲ್ಲಿ ನಾಣ್ಯ, ಮೊಳೆ, ಫಾಯಿಲ್ ಹೂತಿಟ್ಟು ಸದ್ದು ಕಲಿಯಬೇಕು. ಕಬ್ಬಿಣದಂಶದ ಕೆಂಪು ಮಣ್ಣಲ್ಲಿ ಗ್ರೌಂಡ್ ಬ್ಯಾಲೆನ್ಸ್ ಮಾಡದಿದ್ದರೆ ಸುಮ್ಮಸುಮ್ಮನೆ ಕೂಗುತ್ತೆ. ಕಾಯಿಲ್ ನೆಲಕ್ಕೆ ಸಮನಾಗಿ, ನಿಧಾನವಾಗಿ ಬೀಸಬೇಕು. ಎರಡೂ ದಿಕ್ಕಿಂದ ಅದೇ ಸದ್ದು ಬಂದರೆ ಅಗೆಯಬಹುದು.

ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಅಗೆದರೆ ಕೇಸ್ ಬೀಳುತ್ತೆ. ಸ್ವಂತ ಹೊಲದಲ್ಲೇ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.