ನಿಮಗಿದು ಗೊತ್ತೆ? ಕೊಟ್ಟ ಲೈಸೆನ್ಸ್ ಕಿತ್ತುಕೊಂಡರು!

ಸ್ವಿಟ್ಜರ್ಲೆಂಡಿನಲ್ಲಿ ಫುಟ್‌ಬಾಲ್ ಆಡಲು ಅಧಿಕೃತ ಲೈಸೆನ್ಸ್ ಪಡೆದ ಮೊದಲ ಹುಡುಗಿ ಮ್ಯಾಡ್ಲೀನ್ ಬೋಲ್. 1965ರಲ್ಲಿ ಅದು ಕೈಗೆ ಬಂದಾಗ ವಯಸ್ಸು 12. ಹುಡುಗಿಯರ ತಂಡಗಳು ತೀರಾ ಅಪರೂಪವಾಗಿದ್ದ ಕಾಲ. ಸಿಯೋನ್ ಕ್ಲಬ್ಬಿನ ಜೂನಿಯರ್ ಹುಡುಗರ ಜತೆಗೇ ಆಟ. ಆ ಸೆಪ್ಟೆಂಬರಿನಲ್ಲಿ ಟರ್ಕಿಯ ಗಲಾಟಸರಾಯ್ ತಂಡ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಪಂದ್ಯಕ್ಕೆಂದು ಸಿಯೋನ್‌ಗೆ ಬಂದಿತ್ತು. ದೊಡ್ಡವರ ಪಂದ್ಯಕ್ಕೆ ಮುನ್ನ ಕಿರಿಯರ ಆಟ. ಹುಡುಗರ ನಡುವೆ ಚೆಂಡಿನ ಹಿಂದೆ ಓಡುತ್ತಿದ್ದ ಹುಡುಗಿಯ ಮೇಲೆ ಪತ್ರಕರ್ತರ ಕಣ್ಣು ಬಿತ್ತು. ಸುದ್ದಿ, ಚಿತ್ರ ದೇಶದಾಚೆಗೂ ಹಬ್ಬಿದವು. ಫುಟ್‌ಬಾಲ್ ಸಂಸ್ಥೆಗೆ ಆಗ ಎಚ್ಚರವಾಯಿತು: ‘ಲೈಸೆನ್ಸ್ ಕೊಟ್ಟದ್ದೇ ತಪ್ಪು’ ಎಂದು ವಾಪಸು ಪಡೆಯಿತು. ಹುಡುಗಿ ಚೆನ್ನಾಗಿ ಆಡುತ್ತಾಳೋ ಇಲ್ಲವೋ ಎಂಬುದು ಯಾರಿಗೂ ಮುಖ್ಯವಾಗಲಿಲ್ಲ!

ಬೋಲ್ ಆಟ ಬಿಡಲಿಲ್ಲ. ಮುಂದೆ ಇಟಲಿಗೆ ಹೋಗಿ ಅಲ್ಲಿನ ಮಹಿಳಾ ಲೀಗ್‌ನಲ್ಲಿ ಆಡಿದರು, ಸ್ವಿಸ್ ರಾಷ್ಟ್ರೀಯ ತಂಡದ ಅಂಗಿಯನ್ನೂ ತೊಟ್ಟರು. ಆ ತಂಡದ ಆರಂಭದ ಪಂದ್ಯಗಳಲ್ಲೊಂದು ನಡೆದದ್ದು 1970ರ ನವೆಂಬರ್ 8ರಂದು, ಶಾಫ್‌ಹೌಸೆನ್‌ನಲ್ಲಿ. ಆಸ್ಟ್ರಿಯಾ ವಿರುದ್ಧ 9–0 ಗೆಲುವು. ಅಂದಹಾಗೆ, ಆಗಿನ್ನೂ ಸ್ವಿಸ್ ಮಹಿಳೆಯರಿಗೆ ಸಂಸತ್ ಚುನಾವಣೆಯಲ್ಲಿ ಮತದಾನದ ಹಕ್ಕೇ ಇರಲಿಲ್ಲ. ಅದು ದಕ್ಕಿದ್ದು 1971ರ ಫೆಬ್ರುವರಿ 7ರ ಜನಮತಗಣನೆಯಲ್ಲಿ. ಅಂದು ಮತ ಹಾಕಿದವರೂ ಗಂಡಸರೇ.